ಗ್ರಾಮೀಣ ಭಾರತದ ನೈಜ ಕೂಲಿ

ದಿನಗೂಲಿಯಲ್ಲಿ ಬೆಲೆಯೇರಿಕೆ ನುಂಗಿದ್ದನ್ನು ಕಳೆದ ಮೇಲೆ ದುಡಿಯುವವರ ಕೈಯಲ್ಲಿ ಉಳಿಯುವ ಕೊಳ್ಳುವ ಶಕ್ತಿಯೇ ನೈಜ ಕೂಲಿ. ಕೇಂದ್ರ ಸರ್ಕಾರದ ಕಾರ್ಮಿಕ ಬ್ಯೂರೋ ಉಳುಮೆ, ಬಿತ್ತನೆ, ಕೊಯ್ಲು, ಗಾರೆ ಮುಂತಾದ ಕೆಲಸಗಳ ದರವನ್ನು ಹಳ್ಳಿಗಳಿಂದ ತಿಂಗಳು ತಿಂಗಳೂ ಕಲೆಹಾಕಿ, ಗಂಡಾಳು ಹೆಣ್ಣಾಳುಗಳಿಗೆ ಬೇರೆಬೇರೆಯಾಗಿ ಪ್ರಕಟಿಸುತ್ತದೆ.

1948ರ ಕನಿಷ್ಠ ವೇತನ ಕಾಯ್ದೆ ಹೊಲದ ಕೆಲಸವನ್ನೂ ಒಳಗೊಂಡಿತ್ತು. ಆದರೆ ಕೂಲಿ ಕಾಳಿನಲ್ಲಿ ಸಲ್ಲುತ್ತಿದ್ದ, ಸಾಲ ತೀರಿಸಲು ಮನೆಮಂದಿ ಜೀತಕ್ಕಿರುತ್ತಿದ್ದ ಊರುಗಳಲ್ಲಿ ಕನಿಷ್ಠ ವೇತನವನ್ನು ಕೇಳಿ ಪಡೆಯುವ ಧೈರ್ಯ ಯಾರಿಗಿತ್ತು? ಜೀತವನ್ನು ರದ್ದುಗೊಳಿಸುವ ಕಾಯ್ದೆ ಬಂದದ್ದೇ 1976ರಲ್ಲಿ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರದಿಯಂತೆ, 1993-94ರಿಂದ 2011-12ರವರೆಗೆ ದೇಶದ ಸರಾಸರಿ ನೈಜ ದಿನಗೂಲಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಪೇಟೆಗಿಂತ ಹಳ್ಳಿಯಲ್ಲಿ ಏರಿಕೆ ಚುರುಕಾಗಿತ್ತು. ಅದರಲ್ಲೂ 2007ರ ನಂತರದ ಆರೇಳು ವರ್ಷ ಹಳ್ಳಿಯ ಕೂಲಿಗೆ ಹಿಂದೆಂದೂ ಕಾಣದ ಕಾಲ. 2006ರ ಫೆಬ್ರುವರಿಯಲ್ಲಿ 200 ಜಿಲ್ಲೆಗಳಲ್ಲಿ ಶುರುವಾದ ಉದ್ಯೋಗ ಖಾತರಿ ಯೋಜನೆ 2008ರಲ್ಲಿ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ಹರಡಿತು. ಬೆಳೆಗಳ ಬೆಂಬಲ ಬೆಲೆಯೂ ಏರಿತು. ಇವೆಲ್ಲಕ್ಕಿಂತ ದೊಡ್ಡ ಕಾರಣ ಕಟ್ಟಡ ಕೆಲಸ: 2004-05ರಲ್ಲಿ ಸುಮಾರು 2.6 ಕೋಟಿ ಜನರಿಗೆ ದುಡಿಮೆ ಕೊಟ್ಟಿದ್ದ ಈ ವಲಯ 2011-12ರ ಹೊತ್ತಿಗೆ ಸುಮಾರು 5 ಕೋಟಿ ಜನರನ್ನು ಸೆಳೆದುಕೊಂಡಿತ್ತು. ಆಳು ಸಿಗುವುದಿಲ್ಲ ಎಂದು ಜಮೀನುದಾರರು ಗೊಣಗಿದ ಆ ವರ್ಷಗಳಲ್ಲೇ ಕೂಲಿಕಾರರಿಗೆ ಮೊದಲ ಬಾರಿಗೆ ದರ ಹೇಳುವ ಬಲ ಬಂದಿತ್ತು.

ಉದ್ಯೋಗ ಖಾತರಿಯ ಕೂಲಿಯೂ ತಂಟೆಯಿಲ್ಲದೆ ಬಂದದ್ದಲ್ಲ. 2009ರಲ್ಲಿ ಕೇಂದ್ರ ಸರ್ಕಾರ ಅದಕ್ಕೂ ಕನಿಷ್ಠ ವೇತನಕ್ಕೂ ಇದ್ದ ನಂಟನ್ನು ಕಡಿದುಹಾಕಿತು. ಖಾತರಿ ಕೂಲಿ ರಾಜ್ಯದ ಕನಿಷ್ಠ ವೇತನಕ್ಕಿಂತ ಕೆಳಗಿಳಿಯಕೂಡದು ಎಂದು 2011ರಲ್ಲಿ ಆದೇಶಿಸಿದ್ದು ಕರ್ನಾಟಕ ಹೈಕೋರ್ಟ್.

ಕೂಲಿಯ ಏರಿಕೆ ಬಹುಕಾಲ ನಿಲ್ಲಲಿಲ್ಲ. 2014 ಮತ್ತು 2015ರಲ್ಲಿ ಬೆನ್ನುಬೆನ್ನಿಗೆ ಬರ ಬಿತ್ತು, ಬೆಳೆಗಳ ಬೆಲೆ ಕುಸಿಯಿತು, ಕಟ್ಟಡ ಕೆಲಸದ ಓಟವೂ ತಗ್ಗಿತು. 2016ರ ನೋಟು ರದ್ದತಿ ಮತ್ತು 2020ರ ಲಾಕ್‌ಡೌನ್ ಮೇಲಿಂದ ಮೇಲೆ ಹೊಡೆತ ಕೊಟ್ಟವು. ಅರ್ಥಶಾಸ್ತ್ರಜ್ಞ ಜಾನ್ ಡ್ರೇಜ್ ಅವರ ಲೆಕ್ಕದಂತೆ, 2014-15ರಿಂದ 2021-22ರವರೆಗೆ ಕೃಷಿ ಕಾರ್ಮಿಕರ ನೈಜ ಕೂಲಿ ವರ್ಷಕ್ಕೆ ಶೇ 0.9ರಷ್ಟು, ಕಟ್ಟಡ ಕಾರ್ಮಿಕರದು ಶೇ 0.2ರಷ್ಟು ಮಾತ್ರ ಹೆಚ್ಚಿತು. ರೂಪಾಯಿ ಲೆಕ್ಕದಲ್ಲಿ ಕೂಲಿ ಏರುತ್ತಲೇ ಇದ್ದುದರಿಂದ ಈ ಸ್ಥಗಿತ ದೇಶದ ಕಣ್ಣಿಗೆ ಬೀಳಲಿಲ್ಲ; ಆರ್ಥಿಕತೆ ಬೆಳೆಯುತ್ತಿದ್ದ ವರ್ಷಗಳಲ್ಲೇ ಹೀಗಾದದ್ದು ಗಂಭೀರ ಸಂಗತಿ.

ರಾಜ್ಯಗಳ ನಡುವಿನ ಅಂತರವೂ ದೊಡ್ಡದು. ರಿಸರ್ವ್ ಬ್ಯಾಂಕಿನ ಕೈಪಿಡಿಯ ಪ್ರಕಾರ 2022-23ರಲ್ಲಿ ಪುರುಷ ಕೃಷಿ ಕಾರ್ಮಿಕರ ಸರಾಸರಿ ದಿನಗೂಲಿ ಕೇರಳದಲ್ಲಿ ಸುಮಾರು 764 ರೂಪಾಯಿ, ಮಧ್ಯಪ್ರದೇಶದಲ್ಲಿ ಸುಮಾರು 229. ಬಂಗಾಳ, ಅಸ್ಸಾಂ, ಒಡಿಶಾಗಳಿಂದ ಕೇರಳಕ್ಕೆ ಹೊರಡುವ ರೈಲುಗಳು ತುಂಬಿರುವುದಕ್ಕೆ ಇಂಥ ಅಂತರವೇ ಕಾರಣ.