ಗ್ಯೋಂಗ್‌ಬೊಕ್‌ಗುಂಗ್ ಅರಮನೆ

ಗ್ಯೋಂಗ್‌ಬೊಕ್‌ಗುಂಗ್ ಕೊರಿಯಾವನ್ನು ಐದು ಶತಮಾನಗಳ ಕಾಲ ಆಳಿದ ಜೋಸನ್ ರಾಜವಂಶದ ಮುಖ್ಯ ಅರಮನೆ. ಸೋಲ್ ನಗರದ ಉತ್ತರ ಭಾಗದಲ್ಲಿ, ಬುಗಾಕ್ ಬೆಟ್ಟದ ಅಡಿಯಲ್ಲಿದೆ. 1392ರಲ್ಲಿ ವಂಶವನ್ನು ಸ್ಥಾಪಿಸಿದ ದೊರೆ ತೇಜೊ ರಾಜಧಾನಿಯನ್ನು ಇಲ್ಲಿಗೆ ತಂದು, 1395ರಲ್ಲಿ ಅರಮನೆ ಕಟ್ಟಿಸಿದ. ‘ಮಹಾಭಾಗ್ಯದ ಅರಮನೆ’ ಎಂಬ ಅರ್ಥದ ಹೆಸರನ್ನಿಟ್ಟವನು ಅವನ ಮಂತ್ರಿ ಜೋಂಗ್ ದೋಜೋನ್. ಮುಂದೆ ದೊರೆ ಸೇಜೊಂಗ್ ಇಲ್ಲಿಯೇ ವಿದ್ವಾಂಸರ ಮಂಡಲಿಯೊಂದನ್ನು ಪೋಷಿಸಿದ. ಕೊರಿಯನ್ನರ ಸ್ವಂತ ಲಿಪಿ ಹಂಗುಲ್ 1446ರಲ್ಲಿ ಪ್ರಕಟವಾದದ್ದು ಅವನ ಕಾಲದಲ್ಲಿ. ಈ ಅರಮನೆಯ ಚರಿತ್ರೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಘಟನೆ ಇನ್ನೊಂದಿಲ್ಲ.

1592ರಲ್ಲಿ ಜಪಾನಿ ಸೇನೆ ದಂಡೆತ್ತಿ ಬಂದಾಗ ದೊರೆ ರಾಜಧಾನಿ ಬಿಟ್ಟು ಹೋದ, ಅರಮನೆ ಸುಟ್ಟುಹೋಯಿತು. ಸುಮಾರು 270 ವರ್ಷ ಅದು ಪಾಳುಬಿದ್ದೇ ಇತ್ತು. ಆಡಳಿತ ಹೆಚ್ಚಾಗಿ ಪಕ್ಕದ ಚಾಂಗ್‌ದೊಕ್‌ಗುಂಗ್ ಅರಮನೆಯಿಂದ ನಡೆಯಿತು. 1865ರಲ್ಲಿ ಬಾಲದೊರೆ ಗೋಜೊಂಗ್‌ನ ತಂದೆ ಹುಂಗ್‌ಸನ್ ದೇವೊಂಗುನ್ ಮರುನಿರ್ಮಾಣಕ್ಕೆ ಕೈಹಾಕಿದ. ಖರ್ಚಿಗಾಗಿ ಜನರಿಂದ ‘ಕಾಣಿಕೆ’ ವಸೂಲಿಯಾಯಿತು, ನೂರು ಪಟ್ಟು ಮುಖಬೆಲೆಯ ನಾಣ್ಯ ಟಂಕಿಸಲಾಯಿತು, ಬೆಲೆಗಳು ಗಗನಕ್ಕೇರಿದವು. ಅರಮನೆಯ ವೈಭವದ ಭಾರ ಹೊತ್ತವರು ಸಾಮಾನ್ಯ ಜನ. 1868ರಲ್ಲಿ ದೊರೆ ಇಲ್ಲಿ ನೆಲೆಸಿದ. 1887ರಲ್ಲಿ ಕೊರಿಯಾದ ಮೊದಲ ವಿದ್ಯುದ್ದೀಪ ಬೆಳಗಿದ್ದೂ ಇಲ್ಲೇ. 1895ರ ಅಕ್ಟೋಬರ್‌ನಲ್ಲಿ ಜಪಾನಿ ಹಂತಕರು ಒಳಗೆ ನುಗ್ಗಿ ರಾಣಿಯನ್ನು ಕೊಂದರು. ಮರುವರ್ಷ ದೊರೆ ರಷ್ಯಾದ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದ.

ಮುಂದೆ ಜಪಾನಿನ ವಸಾಹತು ಆಳ್ವಿಕೆಯಲ್ಲಿ ಅರಮನೆಯ ಬಹುಪಾಲು ಕಟ್ಟಡಗಳನ್ನು ಕೆಡವಲಾಯಿತು. 1926ರಲ್ಲಿ ಸಿಂಹಾಸನ ಮಂಟಪದ ಎದುರಿಗೇ ಜಪಾನಿ ಗವರ್ನರ್ ಜನರಲ್‌ನ ಬೃಹತ್ ಕಲ್ಲುಕಟ್ಟಡ ಎದ್ದು, ಅರಮನೆಯನ್ನು ನಗರದ ಕಣ್ಣಿಂದ ಮರೆಮಾಡಿತು. ಸ್ವತಂತ್ರ ಕೊರಿಯಾ ಅದನ್ನು 1995–96ರಲ್ಲಿ ಉರುಳಿಸಿತು. 1990ರಿಂದ ಜೀರ್ಣೋದ್ಧಾರ ನಡೆಯುತ್ತ ಬಂದಿದೆ. ಕೊರಿಯಾ ಯುದ್ಧದಲ್ಲಿ ಸುಟ್ಟು, ಬಳಿಕ ಕಾಂಕ್ರೀಟಿನಲ್ಲಿ ನಿಂತಿದ್ದ ಮುಖ್ಯದ್ವಾರ ಗ್ವಾಂಗ್‌ಹ್ವಾಮುನ್ 2010ರಲ್ಲಿ ಮತ್ತೆ ಮರದ ರೂಪ ಪಡೆಯಿತು.

ಇಂದು ಪ್ರವಾಸಿಗರು ಈ ದ್ವಾರದಲ್ಲಿ ಸಾಂಪ್ರದಾಯಿಕ ಕಾವಲು ಬದಲಾವಣೆಯನ್ನು ನೋಡಿ ಒಳಹೋಗುತ್ತಾರೆ. ಸಾಂಪ್ರದಾಯಿಕ ಉಡುಪು ಹಾನ್‌ಬೊಕ್ ಧರಿಸಿದವರಿಗೆ ಪ್ರವೇಶ ಉಚಿತ. ಸಾಮಾನ್ಯವಾಗಿ ಮಂಗಳವಾರ ರಜೆ. ಸಿಂಹಾಸನವಿರುವ ಗುನ್‌ಜೊಂಗ್‌ಜೊನ್ ಮಂಟಪದ ಅಂಗಳದಲ್ಲಿ ಅಧಿಕಾರಿಗಳು ಎಲ್ಲೆಲ್ಲಿ ನಿಲ್ಲಬೇಕೆಂದು ಸೂಚಿಸುವ ದರ್ಜೆಯ ಕಲ್ಲುಗಳು ಸಾಲಾಗಿ ನಿಂತಿವೆ. ಪಶ್ಚಿಮದ ಕೊಳದಲ್ಲಿ ಔತಣದ ಮಂಟಪ ಗ್ಯೊಂಗ್‌ಹೆರು 48 ಕಲ್ಲುಕಂಬಗಳ ಮೇಲೆ ನಿಂತಿದೆ: ಹೊರಸಾಲಿನವು ಚೌಕ, ಒಳಗಿನವು ದುಂಡು. ಉತ್ತರದ ತುದಿಯಲ್ಲಿ ರಾಣಿಯ ಕೊಲೆ ನಡೆದ ಗೊನ್‌ಚೊಂಗ್‌ಗುಂಗ್ ಇದೆ. ಪುನರ್ನಿರ್ಮಿತವಾದ ಇದರ ಮರಕ್ಕೆ ಅರಮನೆಯ ಉಳಿದೆಡೆ ಕಾಣುವ ಹಸಿರು–ಕೆಂಪು ಬಣ್ಣಗಳಿಲ್ಲ. ಗೃಹಸ್ಥರ ಮನೆಯ ಹಾಗೆ ಬರಿಯ ಮರವೇ ಕಾಣುತ್ತದೆ.