ಸೋತದ್ದು ಎಲಿಯಿಂದನೋ, ನಿನ್ನಿಂದನೋ?

ಪಂಚಮಿಗೆ ಇಂಗಳೇಶ್ವರಕ್ಕೆ ಹೋದಾಗ ಕಟ್ಟೆ ಮೇಲೆ ರಮ್ಮಿ ನಡೆದಿತ್ತು. ದುಡ್ಡಿಲ್ಲ, ಸೋತವರು ಚಹಾ ಕುಡಿಸಬೇಕು, ಅಷ್ಟೇ. ಬೆಂಗಳೂರಿನಲ್ಲಿ ಮೊಬೈಲ್ ಪೋಕರ್ ಆಡಿ ಒಂದು ತಿಂಗಳ ಸಂಬಳ ಕಳಕೊಂಡಿದ್ದನ್ನು ಕಾಕಾಗೆ ಹೇಳಿ, "ಎಲಿ ಬರಲಿಲ್ಲ ಕಾಕಾ, ನಸೀಬು" ಅಂದೆ. ಕಾಕಾ ಎಲೆ ಜೋಡಿಸುತ್ತಲೇ ಕೇಳಿದರು: "ಸೋತದ್ದು ಎಲಿಯಿಂದನೋ, ನಿನ್ನಿಂದನೋ? ಮದಲ ಅದನ್ನ ಬ್ಯಾರೆ ಮಾಡು ತಮ್ಮಾ."

ಈ ಪ್ರಶ್ನೆ ಕೋರ್ಟಿಗೂ ಹೋಗಿದೆ. ಬಿದ್ದ ಎಲೆ ನೆನಪಿಡಬೇಕು, ಯಾವುದು ಹಿಡಿಯಬೇಕು, ಯಾವುದು ಬಿಡಬೇಕು ಗೊತ್ತಿರಬೇಕು; ಆದ್ದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ 1968ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್, ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಲೈಸೆನ್ಸ್ ಬೇಡ ಅಂದಿತು. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ, ಕೌಶಲವೋ ಅದೃಷ್ಟವೋ ಎಂದು ನೋಡದೆ, ಅಂಥ ಆಟಗಳಿಗೆಲ್ಲ ಬಾಗಿಲು ಹಾಕಿತು.

ಇಷ್ಟರಲ್ಲಿ ನಾನು ತಪ್ಪು ತಿಳಿದದ್ದು ಒಂದೇ. ಆಟದಲ್ಲಿ ಕೌಶಲ ಇದೆ ಅಂದ್ರೆ ಅದು ನನ್ನ ಹತ್ರ ಇದೆ ಅಂತಲ್ಲ.

ಹಾಗಾದ್ರೆ ಅದನ್ನು ಕಲಿಯೋದು ಹೇಗೆ? ಗಣಿತಜ್ಞ ಜಾನ್ ವಾನ್ ನಾಯ್ಮನ್ 1928ರಲ್ಲೇ ಇಂಥ ಆಟಗಳ ಸಿದ್ಧಾಂತ ಬರೆದ. 1944ರಲ್ಲಿ ಆಸ್ಕರ್ ಮಾರ್ಗನ್‌ಸ್ಟರ್ನ್ ಜೊತೆ ಬರೆದ ಪುಸ್ತಕದಲ್ಲಿ, ಬ್ಲಫ್ ಅನ್ನೋದು ಧೈರ್ಯವಲ್ಲ, ಲೆಕ್ಕ ಅಂತ ತೋರಿಸಿದ. ನೀವು ಎಂದೂ ಸುಳ್ಳು ಆಡದಿದ್ದರೆ, ಒಳ್ಳೆ ಎಲೆ ಬಂದಾಗ ಯಾರೂ ನಿಮಗೆ ದುಡ್ಡು ಕಟ್ಟೋದಿಲ್ಲ. 1987ರಲ್ಲಿ ಡೇವಿಡ್ ಸ್ಕ್ಲಾನ್‌ಸ್ಕಿ, ಗೆದ್ದೆವೋ ಸೋತೆವೋ ಅನ್ನೋದಲ್ಲ, ನಿರ್ಧಾರ ಸರಿಯಿತ್ತೋ ನೋಡಿ ಅಂತ ಬರೆದ. ಕಂಪ್ಯೂಟರ್ ಕಲಿತದ್ದೂ ಹಾಗೇ. 2007ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಕೊಟ್ಟ ವಿಧಾನದ ಹೆಸರಲ್ಲೇ 'ಪಶ್ಚಾತ್ತಾಪ' ಇದೆ: ಪ್ರತಿ ತಿರುವಿನಲ್ಲೂ "ಇನ್ನೊಂದು ಆಯ್ಕೆ ಮಾಡಿದ್ರೆ ಎಷ್ಟು ಸಿಗ್ತಿತ್ತು?" ಅಂತ ಲೆಕ್ಕ ಹಾಕೋದು, ಮುಂದಿನ ಸಲ ತಿದ್ದಿಕೊಳ್ಳೋದು. ಇದೇ ದಾರಿಯಲ್ಲಿ ಬೆಳೆದ ಪ್ಲೂರಿಬಸ್, 2019ರಲ್ಲಿ ಆರು ಜನರ ಮೇಜಿನಲ್ಲಿ ವೃತ್ತಿಪರರನ್ನೇ ಸೋಲಿಸಿತು.

ಊರಿಂದ ಬಂದು ನಾನೂ ನೋಟ್‌ಬುಕ್ ತೆಗೆದೆ. ಹಳೆಯ ಆಟವೊಂದು: ಮಧ್ಯದಲ್ಲಿ 200 ರೂಪಾಯಿ, ಎದುರಿನವ ಇನ್ನೂ 100 ಹಾಕಿದ. ನನ್ನ ಹತ್ರ ಒಂದೇ ಬಣ್ಣದ ನಾಲ್ಕು ಎಲೆ, ಬರೋದು ಇನ್ನೊಂದೇ. ಕಾಣದ 46 ಎಲೆಗಳಲ್ಲಿ ನನಗೆ ಬೇಕಾದವು 9, ಅಂದ್ರೆ ಶೇ. 20ಕ್ಕೂ ಕಡಿಮೆ. 100 ಹಾಕಿ 300 ಗೆಲ್ಲೋಕೆ ಕನಿಷ್ಠ ಶೇ. 25 ಅವಕಾಶ ಬೇಕು. ಬಿಡಬೇಕಿತ್ತು, ಹಾಕಿದೆ. ಅವತ್ತು ಎಲೆ ಬಂತು, ಗೆದ್ದೆ! ನನ್ನನ್ನು ಕೆಡಿಸಿದ್ದು ಆ ಗೆಲುವೇ; ಆಮೇಲೆ ಎಷ್ಟೋ ಸಲ ಹಾಗೇ ಹಾಕಿ ಸೋತೆ.

ಈಗ ಗೆಳೆಯರ ಜೊತೆ ಬರೀ ಕಡಲೆಕಾಯಿ ಇಟ್ಟು ಆಡ್ತೀನಿ. ಒಂದು ಗಂಟೆ ಆಟ ಆದ್ರೆ, ಒಂದು ಗಂಟೆ ನೋಟ್‌ಬುಕ್. ಸೋತ ಆಟಕ್ಕಿಂತ ಮೊದಲು ಗೆದ್ದ ಆಟ ಬರೆದಿಡ್ತೀನಿ.

ಕಾಕಾಗೆ ಫೋನ್ ಮಾಡಿ ಹೇಳಿದೆ: "ಹೆಚ್ಚಿನವು ನನ್ನಿಂದನೇ ಕಾಕಾ."

"ಆತು ಬಿಡು," ಅಂದರು, "ಎಲಿ ತಿದ್ದಾಕ ಬರೂದಿಲ್ಲ. ನಿನ್ನ ತಿದ್ದಾಕ ಬರ್ತದ."