ಶರ್ಲಿಯ ಬಣ್ಣ, ಅಕ್ಕನ ಬಣ್ಣ

ಅಕ್ಕನ ಮದುವೆ ಆಲ್ಬಂನಲ್ಲಿ ಅವಳಿಗೆ ಮೂರು ಬಣ್ಣ. ಚಪ್ಪರದ ಶಾಸ್ತ್ರದ ಪುಟದಲ್ಲಿ ಅವಳದೇ ಎಣ್ಣೆಗಪ್ಪು, ಧಾರೆಯ ಹೊತ್ತಿಗೆ ಗೋಧಿಬಣ್ಣ, ಆರತಕ್ಷತೆಯಲ್ಲಿ ಹಾಲುಬಿಳುಪು. ಕೇಳಿದ್ದಕ್ಕೆ ಸ್ಟುಡಿಯೋದವರು, "ಚೆನ್ನಾಗಿ ಕಾಣ್ಲಿ ಅಂತ ಸ್ವಲ್ಪ ತಿದ್ದಿದ್ವಿ ಮೇಡಂ" ಎಂದರು.

ಫೋಟೋಗಳಲ್ಲಿ ಮೈಬಣ್ಣ ಒಂದೇ ಸಮ ಇರಬೇಕೆಂಬ ಕಾಳಜಿ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದಲ್ಲಿ 1954ರವರೆಗೆ ಕೊಡಾಕ್ ಬಣ್ಣದ ಫಿಲಂನ ಬೆಲೆಯಲ್ಲೇ ಅದನ್ನು ತೊಳೆದು ಪ್ರಿಂಟ್ ಹಾಕುವ ಖರ್ಚೂ ಸೇರಿರುತ್ತಿತ್ತು. ಏಕಸ್ವಾಮ್ಯದ ವಿರುದ್ಧದ ಮೊಕದ್ದಮೆ ಆ ವರ್ಷ ರಾಜಿಯಲ್ಲಿ ಮುಗಿದು, ಈ ಕೆಲಸ ಹೊರಗಿನ ಲ್ಯಾಬುಗಳಿಗೂ ತೆರೆಯಿತು. ಲ್ಯಾಬು ಯಾವುದಾದರೂ ಬಣ್ಣ ಕೆಡಬಾರದಲ್ಲ? ಅದಕ್ಕೆಂದು ಕೊಡಾಕ್ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿನ ಹೆಣ್ಣಿನ ಮುಖ ಸರಿಯಾಗಿ ಬಂದರೆ ಯಂತ್ರ ಸರಿಯಾಗಿದೆ ಎಂದು ಲೆಕ್ಕ. ಮೊದಲ ರೂಪದರ್ಶಿಯ ಹೆಸರು ಶರ್ಲಿ. ಮುಂದೆ ಮುಖಗಳು ಬದಲಾದರೂ 'ಶರ್ಲಿ ಕಾರ್ಡ್' ಎಂಬ ಹೆಸರು ಉಳಿಯಿತು. ದಶಕಗಳ ಕಾಲ ಅವರೆಲ್ಲ ಬಿಳಿಯರೇ.

ಯಂತ್ರ ಶರ್ಲಿಗೆ ಹೊಂದಿಕೊಂಡಿತು, ತೊಂದರೆಯಾದದ್ದು ಉಳಿದವರಿಗೆ. ಕಪ್ಪು ಚರ್ಮ ಬೆಳಕನ್ನು ಕಡಿಮೆ ಪ್ರತಿಫಲಿಸುತ್ತದೆ. ಬಿಳಿಯ ಮತ್ತು ಕರಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ತೆಗೆದ ಶಾಲೆಯ ಫೋಟೋಗಳಲ್ಲಿ ಕರಿಯ ಮಕ್ಕಳ ಕಣ್ಣು, ಹಲ್ಲು ಬಿಟ್ಟರೆ ಉಳಿದದ್ದು ಕತ್ತಲು. ತಾಯಂದಿರು ದೂರಿದ್ದುಂಟು. ಆದರೆ ಕೆನಡಾದ ಸಂಶೋಧಕಿ ಲೋರ್ನಾ ರಾತ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೊಂದು ಸಂಗತಿ ಹೇಳುತ್ತದೆ: ಕಂದು ಛಾಯೆಗಳ ಬಗ್ಗೆ ಕೊಡಾಕ್ ಗಂಭೀರವಾಗಿ ಯೋಚಿಸಿದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣದ ಕಂಪನಿಗಳು ತಕರಾರು ತೆಗೆದಾಗ. ತೇಗ, ಬೀಟೆ, ಚಾಕೊಲೇಟಿನ ವ್ಯತ್ಯಾಸ ಕಾಣಬೇಕಾಗಿತ್ತು. ಆ ಲಾಭ ಮನುಷ್ಯರಿಗೂ ಸಿಕ್ಕಿತು. ಬಿಳಿ, ಕರಿಯ, ಏಷ್ಯನ್ ಮುಖಗಳು ಒಟ್ಟಿಗಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ.

ಇಂದು ಕಾರ್ಡಿನ ಜಾಗದಲ್ಲಿ ತಂತ್ರಾಂಶವಿದೆ. ವಿಡಿಯೊ ತಿದ್ದುವವರು ಬಳಸುವ ವೆಕ್ಟರ್‌ಸ್ಕೋಪಿನಲ್ಲಿ ಕೆಂಪು ಮತ್ತು ಹಳದಿಯ ನಡುವೆ ಒಂದು ಗೆರೆ ಇರುತ್ತದೆ. ಬಿಳಿಯರಾಗಲಿ ಕರಿಯರಾಗಲಿ, ಸಮತೋಲದ ಬೆಳಕಿನಲ್ಲಿ ಎಲ್ಲರ ಚರ್ಮವೂ ಹೆಚ್ಚುಕಡಿಮೆ ಅದರ ಆಸುಪಾಸಿನಲ್ಲೇ ಬೀಳುತ್ತದೆ. ನಮ್ಮ ನಡುವಿನ ದೊಡ್ಡ ವ್ಯತ್ಯಾಸ ಇರುವುದು ಬಣ್ಣದ ಜಾತಿಯಲ್ಲಲ್ಲ, ಅದರ ಗಾಢತೆಯಲ್ಲಿ. ಹಾಗಾಗಿ ಟ್ಯೂಬ್‌ಲೈಟಿನ ಹಸಿರನ್ನೋ ಬಲ್ಬಿನ ಹಳದಿಯನ್ನೋ ತೆಗೆಯುವುದು ತಿದ್ದುಪಡಿ. ಗಾಢತೆಯನ್ನೇ ತೆಗೆದರೆ ಮನುಷ್ಯರನ್ನೇ ಬದಲಿಸಿದಂತೆ. ನಮ್ಮ ಸ್ಟುಡಿಯೋದವರಿಗೆ ಯಾರೂ ಶರ್ಲಿ ಕಾರ್ಡ್ ಕೊಟ್ಟಿರಲಿಲ್ಲ. ವಧು ಎಂದರೆ ಬೆಳ್ಳಗಿರಬೇಕು ಎಂಬ ಕಾರ್ಡು ನಮ್ಮೆಲ್ಲರ ತಲೆಯಲ್ಲೇ ಇತ್ತು. ಆಲ್ಬಂ ನೋಡಿ ಮೊದಲು ಖುಷಿಪಟ್ಟವರಲ್ಲಿ ನಾನೂ ಒಬ್ಬಳು.

ಅಕ್ಕ ಆಲ್ಬಂ ವಾಪಸು ಕೊಟ್ಟಳು. ಬೆಳಗಿನ ಬಿಸಿಲಲ್ಲಿ ತೆಗೆದ ಚಪ್ಪರದ ಫೋಟೋದ ಮೇಲೆ ಬೆರಳಿಟ್ಟು, "ಉಳಿದದ್ದನ್ನೆಲ್ಲ ಇದಕ್ಕೆ ಹೊಂದಿಸಿ" ಎಂದಳು.